ಪಲ್ಲವಿ, ಕಾಕಾ ಮತ್ತು ನೌಕರಿ

ನಮ್ಮ ಕಡೆ ಮದುವೆ ಮಾತು ಶುರುವಾದರೆ ಜಾತಿ, ಮನೆತನ, ಹೊಲ ಎಲ್ಲ ಮೊದಲೇ ಗೊತ್ತಿರುತ್ತೆ. ಕೇಳೋಕೆ ಉಳಿಯೋದು ಒಂದೇ ಪ್ರಶ್ನೆ. "ಹುಡುಗಗ ನೌಕರಿ ಐತೇನ್ರಿ?" ನಮ್ಮ ಕಡೆ ಅಂದ್ರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕೂ ತಾಲೂಕಿನಲ್ಲಿ ನಮ್ಮ ಬೀಗರು-ಬಿಜ್ಜರು ಹಂಚಿಹೋಗಿದ್ದಾರೆ. ಮತ್ತೆ ನೌಕರಿ ಅಂದ್ರೆ ಸರಕಾರಿ ನೌಕರಿ ಅಂತಲೇ ಅರ್ಥ. ಉಳಿದದ್ದೆಲ್ಲ 'ಕೆಲಸ'. ನಾನು ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯೋಕೆ ಶುರುಮಾಡಿ ಆರು ವರ್ಷ ಆಯ್ತು. ನಮ್ಮ ಆಯಿ ಮಾತ್ರ ಬಂದವರಿಗೆಲ್ಲ ಹೇಳೋದು ಹೀಗೆ: "ಕಂಪನ್ಯಾಗ ಅದಾನ್ರಿ. ನೌಕರಿ ಇನ್ನಾ ಹತ್ತಿಲ್ಲ." :-)

ಈ ಪ್ರಶ್ನೆಯಲ್ಲಿ ಒಂದು ಮಜಾ ಇದೆ. ಅದು ಯಾವಾಗಲೂ ಹುಡುಗನ ಬಗ್ಗೆ. ಹುಡುಗಿಗೆ ನೌಕರಿ ಇದ್ದು ಹುಡುಗನಿಗೆ ಇಲ್ಲದಿದ್ದರೆ? ಅಲ್ಲಿಗೆ ಮಾತು ನಿಂತುಬಿಡುತ್ತೆ. ಯಾರಾದರೂ ಚಹಾ ತರೋಕೆ ಹೇಳ್ತಾರೆ. ಈ ನಿಂತ ಮಾತನ್ನೇ ಹಿಡಿದು 1976ರಲ್ಲಿ ಕನ್ನಡದಲ್ಲೊಂದು ಸಿನಿಮಾ ಬಂತು. ಪಿ. ಲಂಕೇಶರ 'ಪಲ್ಲವಿ'. ನಮ್ಮ ತಾಲೂಕುಗಳ ಟಾಕೀಸಿಗೆ ಅದು ಬಂದದ್ದನ್ನು ನೆನಪಿಟ್ಟುಕೊಂಡವರು ನನಗಂತೂ ಸಿಕ್ಕಿಲ್ಲ. ಆದರೆ ಅದನ್ನು ನೋಡಿದ ಮೇಲೆ ನನಗೆ ನಮ್ಮ ಮನೆಯದೇ ಒಂದು ಹಳೆಯ ಕಥೆ ಬೇರೆ ಥರ ಕಾಣಿಸಿತು. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಮೊದಲು ಸಿನಿಮಾದ ಹಿನ್ನೆಲೆ. ಲಂಕೇಶ್ ಅಂದ್ರೆ ನಮ್ಮ ವಯಸ್ಸಿನವರಿಗೆ ತಟ್ಟನೆ ನೆನಪಾಗೋದು ಪತ್ರಿಕೆ. ಪತ್ರಿಕೆ ಶುರುವಾದದ್ದು 1980ರಲ್ಲಿ. ಅದಕ್ಕೂ ಮುಂಚೆ ಅವರು ಬೆಂಗಳೂರಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಕಥೆ, ನಾಟಕ, ಕವಿತೆ ಬರೆದಿದ್ದರು. 1970ರ 'ಸಂಸ್ಕಾರ'ದಲ್ಲಿ ನಾರಣಪ್ಪನ ಪಾತ್ರ ಮಾಡಿದ್ದರು. 1967ರಲ್ಲಿ 'ಬಿರುಕು' ಅನ್ನೋ ಕಾದಂಬರಿ ಬರೆದಿದ್ದರು. ಅದನ್ನೇ ಆಧರಿಸಿ, 41ನೇ ವಯಸ್ಸಿಗೆ, ಮೊದಲ ಸಲ ನಿರ್ದೇಶಕರಾಗಿ ಮಾಡಿದ ಚಿತ್ರ 'ಪಲ್ಲವಿ'. ನಿರ್ಮಾಪಕಿ ಅವರ ಹೆಂಡತಿ ಇಂದಿರಾ ಲಂಕೇಶ್. ನಾಯಕಿ ವಿಮಲಾ ನಾಯ್ಡು. ನಾಯಕ ಟಿ.ಎನ್. ಸೀತಾರಾಂ. ಹೌದು, 'ಮಾಯಾಮೃಗ', 'ಮನ್ವಂತರ', 'ಮುಕ್ತ' ಧಾರಾವಾಹಿಗಳ ಅದೇ ಸೀತಾರಾಂ. ಟಿವಿಯಲ್ಲಿ ಕರಿಕೋಟು ಹಾಕಿಕೊಂಡು ಪಾಟೀಸವಾಲು ಹಾಕೋದನ್ನು ನೋಡಿ ಬೆಳೆದ ನಮಗೆ, ಅವರು ನಿರುದ್ಯೋಗಿ ಪ್ರೇಮಿಯಾಗಿ ನಿಂತದ್ದನ್ನು ನೋಡೋದೇ ಒಂದು ವಿಚಿತ್ರ. ಸಂಗೀತ ಸರೋದ್ ವಾದಕ ರಾಜೀವ ತಾರಾನಾಥರದ್ದು. ಅವರೂ ಇಂಗ್ಲಿಷ್ ಸಾಹಿತ್ಯ ಓದಿ ಮೇಷ್ಟ್ರಾಗಿದ್ದವರೇ. 2024ರಲ್ಲಿ ತೀರಿಕೊಂಡರು.

ಕಥೆ ಹೇಳಿಬಿಡ್ತೀನಿ, ಐವತ್ತು ವರ್ಷದ ಹಿಂದಿನ ಚಿತ್ರಕ್ಕೆ ಸಸ್ಪೆನ್ಸ್ ಕಾಯೋದರಲ್ಲಿ ಅರ್ಥ ಇಲ್ಲ. ಶಾಂತಾ, ಚಂದ್ರು ಕಾಲೇಜಿನ ಜೋಡಿ. ಕಾಲೇಜು ಮುಗಿದ ಮೇಲೆ ಎಲ್ಲರಂತೆ ಕೆಲಸ ಹುಡುಕ್ತಾರೆ. ಇಬ್ಬರೂ ಒಂದೇ ಕೆಲಸಕ್ಕೆ ಅರ್ಜಿ ಹಾಕ್ತಾರೆ. ಸಿಕ್ಕೋದು ಆಕೆಗೆ. ಅಲ್ಲಿಂದ ಮುಂದೆ ಇಬ್ಬರ ದಾರಿ ಬೇರೆ ಬೇರೆ. ಆಕೆ ಕೊನೆಗೆ ತನ್ನ ಮೇಲಧಿಕಾರಿಯನ್ನೇ ಮದುವೆಯಾಗ್ತಾಳೆ. ಅವನು ಕ್ರಾಂತಿ ಅಂತ ಹೋಗಿ ಪೊಲೀಸರು ಹುಡುಕುವ ಮನುಷ್ಯ ಆಗ್ತಾನೆ. ಇದನ್ನೆಲ್ಲ ಹೇಳೋದು ಶಾಂತಾ. ಕಥೆ ಆಕೆಯ ಬಾಯಲ್ಲಿ ಇದೆ. ನನ್ನ ಪ್ರಕಾರ ಇಡೀ ಚಿತ್ರದ ಕೀಲಿ ಇರೋದು ಇಲ್ಲೇ.

ಯಾಕೆ ಅಂತ ತಿಳಿಯೋಕೆ ಆ ಕಾಲದ ಬೇರೆ ಸಿನಿಮಾಗಳ ಪಕ್ಕ ಇಟ್ಟು ನೋಡಬೇಕು. ಓದಿದ ಹುಡುಗರಿಗೆ ಕೆಲಸ ಇಲ್ಲ ಅನ್ನೋದು ಆಗ ಇಡೀ ದೇಶದ ಮಾತು. ಸತ್ಯಜಿತ್ ರೇ 1970ರಲ್ಲಿ 'ಪ್ರತಿದ್ವಂದ್ವಿ' ಮಾಡಿದರು. ಅದರ ನಾಯಕನಿಗೆ ಸಂದರ್ಶನದಲ್ಲಿ, ಕಳೆದ ಹತ್ತು ವರ್ಷದ ಅತಿ ಮುಖ್ಯ ಘಟನೆ ಯಾವುದು ಅಂತ ಕೇಳ್ತಾರೆ. ಚಂದ್ರನ ಮೇಲೆ ಇಳಿದದ್ದು ಅನ್ನದೆ ವಿಯೆಟ್ನಾಂ ಯುದ್ಧ ಅಂತಾನೆ. ಕೆಲಸ ಹೋಯ್ತು. ಮೃಣಾಲ್ ಸೇನರ 'ಇಂಟರ್‌ವ್ಯೂ' 1971ರದ್ದು. ಅಲ್ಲಿ ಹುಡುಗನಿಗೆ ಸಂದರ್ಶನಕ್ಕೆ ಹೋಗೋಕೆ ಒಂದು ಸೂಟು ಹೊಂದಿಸೋದೇ ಪಡಿಪಾಟಲು. ಮಲಯಾಳದಲ್ಲಿ ಅಡೂರರ 'ಸ್ವಯಂವರಂ' (1972), ಮನೆ ಬಿಟ್ಟು ಬಂದ ಪ್ರೇಮಿಗಳು ಕೆಲಸ ಇಲ್ಲದೆ ಸವೆಯುವ ಕಥೆ. 1976ರಲ್ಲೇ ರೇ ಅವರ 'ಜನ ಅರಣ್ಯ'. ಎಲ್ಲಾ ಒಳ್ಳೆ ಚಿತ್ರಗಳೇ. ಆದರೆ ಕೆಲಸ ಹುಡುಕುವವನು ಹುಡುಗ. ಸಿಟ್ಟು ಬರೋದು ಹುಡುಗನಿಗೆ. ಹುಡುಗಿ ಕಾಯ್ತಾಳೆ, ಅಥವಾ ಅಳ್ತಾಳೆ. ರೇ 1963ರ 'ಮಹಾನಗರ'ದಲ್ಲಿ ಹೆಂಡತಿಗೆ ಕೆಲಸ ಇದ್ದು ಗಂಡನ ಕೆಲಸ ಹೋಗೋದನ್ನು ತೋರಿಸಿದ್ದರು, ಅದನ್ನು ಮರೆಯೋ ಹಾಗಿಲ್ಲ. ಆದರೆ ಅವರು ಗಂಡ ಹೆಂಡತಿ. ತಾಳಿ ಬಿದ್ದಾಗಿದೆ, ಮಗುವಿದೆ, ಹೇಗೋ ಸಂಭಾಳಿಸ್ತಾರೆ. ತಾಳಿಯೇ ಬೀಳದೆ ಇರುವಾಗ, ಇಬ್ಬರೂ ಒಂದೇ ಸರದಿಯಲ್ಲಿ ನಿಂತಿರುವಾಗ, ಆಕೆಗೆ ಮೊದಲು ಆರ್ಡರ್ ಬಂದರೆ? ಲಂಕೇಶ್ ಕೇಳಿದ್ದು ಇದನ್ನು.

ಕನ್ನಡದಲ್ಲಿ ಆಗ ನಡೀತಿದ್ದ ಹೊಸ ಅಲೆಯ ಚಿತ್ರಗಳಿಗೂ ಇದು ಬೇರೆ. 'ಸಂಸ್ಕಾರ', 'ವಂಶವೃಕ್ಷ', 'ಘಟಶ್ರಾದ್ಧ' ಮೂರೂ ಬ್ರಾಹ್ಮಣರ ಮನೆಯೊಳಗಿನ ಮಡಿ-ಮೈಲಿಗೆ, ವಂಶ, ವಿಧವೆಯರ ಕಥೆಗಳು. 'ಚೋಮನ ದುಡಿ', 'ಕಾಡು' ಹಳ್ಳಿಯವು. ಕಚೇರಿ, ಅರ್ಜಿ, ಸಂದರ್ಶನ, ಮೇಲಧಿಕಾರಿ... ಇಂಥ ಲೋಕಕ್ಕೆ ಬಂದದ್ದು 'ಪಲ್ಲವಿ'. ಜನಪ್ರಿಯ ಚಿತ್ರಗಳ ಉತ್ತರವೇ ಬೇರೆ ಇತ್ತು. 1972ರ 'ಬಂಗಾರದ ಮನುಷ್ಯ' ನೆನಪಿಸಿಕೊಳ್ಳಿ. ಓದಿದ ರಾಜೀವ ಹಳ್ಳಿಯಲ್ಲೇ ನಿಂತು, ಬಂಡೆ ಒಡೆದು ನೀರು ತೆಗೆದು ಹೊಲವನ್ನು ಬಂಗಾರ ಮಾಡ್ತಾನೆ. ಅದನ್ನು ನೋಡಿ ಪೇಟೆ ಬಿಟ್ಟು ಒಕ್ಕಲುತನಕ್ಕೆ ಹೋದವರಿದ್ದಾರೆ ಅಂತ ಈಗಲೂ ಹೇಳ್ತಾರೆ. ಒಳ್ಳೆಯದೇ. ಆದರೆ ಅದೇ 1972ರಲ್ಲಿ ನಮ್ಮ ಜಿಲ್ಲೆಯಲ್ಲಿ ಏನಾಗ್ತಿತ್ತು? ಬರ. ಹೊಲ ಇದ್ದವರೂ ಇಲ್ಲದವರೂ ಸರಕಾರದ ಬರಗಾಲ ಕಾಮಗಾರಿಗೆ ಹೋಗಿ ಸಾಲಾಗಿ ಕೂತು ಖಡಿ ಒಡೆದರು. ಹೊರದೇಶದಿಂದ ಬಂದ ಮೈಲೋ ಜೋಳದ ರೊಟ್ಟಿ ತಿಂದರು. ಪರದೆ ಮೇಲೆ ಬಂಡೆ ಒಡೆದರೆ ನೀರು ಬಂತು. ನಮ್ಮಲ್ಲಿ ಬಂಡೆ ಒಡೆದರೆ ಬಂದದ್ದು ರಸ್ತೆಗೆ ಹಾಕುವ ಖಡಿ, ಮತ್ತೆ ಆ ದಿನದ ಕೂಲಿ.

ಬರ ಮತ್ತು ನೌಕರಿ ಇವೆರಡರ ನಂಟು ನಮ್ಮ ನಾಲ್ಕು ತಾಲೂಕಿನಲ್ಲಿ ಹಳೆಯದು. 1876-78ರ ದೊಡ್ಡ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ, ಅಂದ್ರೆ ಇಂದಿನ ವಿಜಯಪುರ-ಬಾಗಲಕೋಟೆ, ಜನರನ್ನು ಕಳೆದುಕೊಂಡು ಬರಿದಾಯಿತು. ಇಂಥ ಬರ ಬಂದರೆ ಕಾಳು ಸಾಗಿಸೋಕೆ ದಾರಿ ಬೇಕು ಅಂತ ಸದರ್ನ್ ಮರಾಠಾ ರೈಲ್ವೆಯ ಗದಗ-ಹೊಟಗಿ ದಾರಿ ಬಂತು. 1884ರಲ್ಲಿ ರೈಲು ಓಡಿತು. ಆದರೆ ನೋಡಿ ತಮಾಷೆ, ನಮ್ಮ ಎರಡು ಊರಿಗೆ ಸಿಕ್ಕಿದ್ದು 'ರೋಡ್' ಸ್ಟೇಷನ್ನು. ಇಂಡಿ ರೋಡ್. ಬಸವನ ಬಾಗೇವಾಡಿ ರೋಡ್. ಸ್ಟೇಷನ್ನಿನ ಹೆಸರಲ್ಲಿ ಊರಿದೆ, ಊರಲ್ಲಿ ಸ್ಟೇಷನ್ನಿಲ್ಲ! ಬಾಗೇವಾಡಿಯ ಹೆಸರಿನ ಸ್ಟೇಷನ್ ಇರೋದು ತೆಲಗಿಯಲ್ಲಿ. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ಅದೂ ಇಲ್ಲ. ಕಾಳು ತರೋಕೆ ಹಾಕಿದ ದಾರಿಯಲ್ಲಿ ಜನ ಹೊರಗೆ ಹೋದರು. ಇಂಡಿಯ ಕಡೆಯವರಿಗೆ ಸೊಲ್ಲಾಪುರ ಹತ್ತಿರ. ಅಲ್ಲಿ 1877ರಿಂದಲೇ ನೂಲಿನ ಗಿರಣಿ ಇತ್ತು. ಗಿರಣಿಯ ಭೋಂಗಾ ಕೂಗಿದರೆ ಕನ್ನಡ ಮಾತಾಡೋ ಕೂಲಿಕಾರರು ಸಾಲುಗಟ್ಟಿ ಒಳಗೆ ಹೋಗ್ತಿದ್ದರು. ಆ ಗಿರಣಿಗಳು ಒಂದೊಂದಾಗಿ ಕಳೆದ ಶತಮಾನದ ಕೊನೆಯ ಹೊತ್ತಿಗೆ ಮುಚ್ಚಿದವು. ಆಮೇಲೆ ಪುಣೆ, ಗೋವಾ, ಮುಂಬೈ. ನಮ್ಮ ಕಡೆ ಇದಕ್ಕೆ 'ದುಡ್ಯಾಕ ಹೋಗೂದು' ಅಂತಾರೆ. ದುಡಿಯಾಕ ಹೋದವನಿಗೂ ನೌಕರಿ ಇಲ್ಲ ಅಂತಲೇ ಲೆಕ್ಕ.

ಇನ್ನೂ ಹಿಂದಕ್ಕೆ ಹೋಗಬೇಕು ಅಂದ್ರೆ ಬಾಗೇವಾಡಿಯ ಬಸವಣ್ಣನವರೇ ಇದ್ದಾರೆ. ಪುರಾಣಗಳು ಹೇಳೋ ಪ್ರಕಾರ ಅವರು ಊರು ಬಿಟ್ಟು ಕೂಡಲಸಂಗಮಕ್ಕೆ ಹೋದರು. ಅಲ್ಲಿಂದ ಮಂಗಳವೇಡೆಯಲ್ಲಿ ಬಿಜ್ಜಳನ ಕರಣಿಕರಾದರು. ಸೋದರಮಾವ ಬಲದೇವ ಅಲ್ಲಿ ಮಂತ್ರಿ, ಅವನ ಮಗಳು ಗಂಗಾಂಬಿಕೆಯ ಜೊತೆ ಮದುವೆ. ಅಂದ್ರೆ ಬಾಗೇವಾಡಿಯ ಹುಡುಗನೊಬ್ಬ ಲೆಕ್ಕಪತ್ರದ ನೌಕರಿಗೆ ಈಗಿನ ಸೊಲ್ಲಾಪುರ ಜಿಲ್ಲೆಗೆ ಹೋಗಿ ಅಲ್ಲೇ ಸಂಸಾರ ಹೂಡಿದ್ದು ಹನ್ನೆರಡನೇ ಶತಮಾನದ ಸುದ್ದಿ. (ಭಕ್ತರು ಬೇಜಾರಾಗಬೇಡಿ, ನಾನೂ ಅವರ ಊರಿನ ಕಡೆಯವನೇ.) ಎಲ್ಲ ಕೆಲಸಕ್ಕೂ ಕಾಯಕ ಅಂತ ಒಂದೇ ಗೌರವದ ಹೆಸರು ಕೊಟ್ಟವರ ನೆಲದಲ್ಲೇ, ನೌಕರಿ ಬೇರೆ ಕೆಲಸ ಬೇರೆ ಅನ್ನೋ ಭೇದ ಇಷ್ಟು ಗಟ್ಟಿಯಾಗಿ ಬೇರೂರಿದ್ದು ಹೇಗೆ?

ನನಗನ್ನಿಸೋದು, ಅದು ಮಳೆಯಿಂದ. ಮಳೆ ನಂಬೋಕಾಗದ ಕಡೆ ತಿಂಗಳ ಒಂದನೇ ತಾರೀಖು ನಂಬಬಹುದಾದ ದೇವರು. 1910ರಲ್ಲಿ ವಿಜಾಪುರದಲ್ಲಿ ಫ.ಗು. ಹಳಕಟ್ಟಿಯವರು ಬಿಎಲ್‌ಡಿಇ ಸಂಸ್ಥೆ ಕಟ್ಟಿದರು. ಆಗ ಕಾಲೇಜು ಓದಬೇಕು ಅಂದ್ರೆ ನಮ್ಮವರು ಜಿಲ್ಲೆ ಬಿಟ್ಟೇ ಹೋಗಬೇಕಿತ್ತು. ವಿಜಾಪುರಕ್ಕೆ ವಿಜಯ ಕಾಲೇಜು ಬಂದದ್ದು 1945ರಲ್ಲಿ. ಆಮೇಲೆ ತಾಲೂಕಿಗೊಂದು ಕಾಲೇಜು ಆಗ್ತಾ ಬಂತು. ಡಿಗ್ರಿ ಊರ ಬಾಗಿಲಿಗೆ ಬಂತು, ನೌಕರಿ ಮಾತ್ರ ಬೆಂಗಳೂರಿನಲ್ಲೇ ಉಳಿಯಿತು. 'ಪಲ್ಲವಿ' ಬಂದ ಹೊತ್ತಿಗೆ ರಾಜ್ಯದಲ್ಲಿ ದೇವರಾಜ ಅರಸರ ಸರಕಾರ. ಕೆಲಸ ಸಿಗದ ಪದವೀಧರರಿಗೆ ಸ್ಟೈಪೆಂಡ್ ಕೊಟ್ಟು ಕಚೇರಿಗಳಲ್ಲಿ ಕೂರಿಸುವ ಯೋಜನೆ ಅವರ ಕಾಲದ್ದೇ. ಹಾವನೂರು ಆಯೋಗದ ವರದಿ 1975ರಲ್ಲಿ ಬಂತು. ನೌಕರಿ ಯಾರಿಗೆ ಎಷ್ಟು ಅನ್ನೋದು ಇಡೀ ರಾಜ್ಯದ ಜಗಳ ಆಯ್ತು. ದಿಲ್ಲಿಯಲ್ಲಿ ತುರ್ತು ಪರಿಸ್ಥಿತಿ. 1975ರ ಜುಲೈನಲ್ಲಿ ಇಂದಿರಾ ಗಾಂಧಿ ಘೋಷಿಸಿದ ಇಪ್ಪತ್ತು ಅಂಶಗಳಲ್ಲಿ ಯುವಕರಿಗೆ ಅಪ್ರೆಂಟಿಸ್ ತರಬೇತಿ ಅನ್ನೋದೂ ಒಂದು.

ತುರ್ತು ಪರಿಸ್ಥಿತಿಯನ್ನು ಸುಮ್ಮನೆ ಹೇಳಿ ದಾಟೋ ಹಾಗಿಲ್ಲ. 1976ರಲ್ಲಿ, ಅಂದ್ರೆ ಪೊಲೀಸರು ಹುಡುಕುವ ಹುಡುಗನೊಬ್ಬನ ಚಿತ್ರ ಬಂದ ವರ್ಷವೇ, 'ಸಂಸ್ಕಾರ'ದಲ್ಲಿ ಲಂಕೇಶರ ಎದುರು ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲಿನಲ್ಲಿದ್ದರು. ಅಸ್ತಮಾ ರೋಗಿ. 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಕ್ಕೆ ತೀರಿಕೊಂಡರು. ಕೆಲಸ ಇಲ್ಲದ ಸಿಟ್ಟು ಕ್ರಾಂತಿಗೆ ತಿರುಗಿದರೆ ಏನಾಗುತ್ತೆ ಅನ್ನೋದು ಆಗ ಪುಸ್ತಕದ ಪ್ರಶ್ನೆ ಆಗಿರಲಿಲ್ಲ. 1976ರ ಚಿತ್ರಗಳಿಗೆ ಕೊಡುವ 24ನೇ ರಾಷ್ಟ್ರಪ್ರಶಸ್ತಿಗಳಲ್ಲಿ 'ಪಲ್ಲವಿ'ಗಾಗಿ ಲಂಕೇಶರಿಗೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಬಂತು. ಕನ್ನಡದ ಅತ್ಯುತ್ತಮ ಚಿತ್ರವೂ ಅದೇ. ಅದೇ ಸಲ 'ಮೃಗಯಾ'ಕ್ಕಾಗಿ ಅತ್ಯುತ್ತಮ ನಟ ಮಿಥುನ್ ಚಕ್ರವರ್ತಿ. ಲಂಕೇಶ್ ಮುಂದೆ 'ಅನುರೂಪ', 'ಖಂಡವಿದೆಕೋ ಮಾಂಸವಿದೆಕೋ', 'ಎಲ್ಲಿಂದಲೋ ಬಂದವರು' ಮಾಡಿ ಪತ್ರಿಕೆ ಕಡೆ ತಿರುಗಿಬಿಟ್ಟರು.

ಈಗ ನಮ್ಮ ಮನೆಯ ಕಥೆ. ನಮ್ಮ ಕಾಕಾ, ಅಂದ್ರೆ ಅಪ್ಪನ ತಮ್ಮ, ಪಿಯುಸಿ ಓದಿದ್ದು ಸಿಂದಗಿಯಲ್ಲಿ, ಸೋದರತ್ತೆ ಮನೆಯಲ್ಲಿದ್ದುಕೊಂಡು. 1980ರ ಆಸುಪಾಸು. ಅಲ್ಲಿ ಜೊತೆಗೆ ಓದ್ತಿದ್ದ ಒಬ್ಬ ಹುಡುಗಿ. ಒಂದೇ ಜಾತಿ, ಮನೆಗಳೂ ಹೆಚ್ಚುಕಮ್ಮಿ ಸಮ. ಎರಡೂ ಮನೆಗೆ ಗೊತ್ತಿತ್ತು, ಯಾರದ್ದೂ ಅಡ್ಡಿ ಇರಲಿಲ್ಲ. ಸಿನಿಮಾದಲ್ಲಿ ಇರೋ ಹಾಗೆ ವಿಲನ್ನೇ ಇಲ್ಲ ಈ ಕಥೆಯಲ್ಲಿ. ಪಿಯುಸಿ ಆದ ಮೇಲೆ ಆಕೆ ಟಿಸಿಎಚ್‌ಗೆ ಹೋದಳು, ಕಾಕಾ ಬಿ.ಎ. ಮಾಡಿದ. ಆಕೆಗೆ ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿಗೆ ಮಾಸ್ತರಕಿಯ ಆರ್ಡರ್ ಬಂತು. ಕಾಕಾ ಬಿ.ಎ. ಮುಗಿಸಿ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಲ್ಲಿ ಹೆಸರು ಹಚ್ಚಿದ.

ಎಕ್ಸ್‌ಚೇಂಜು ಅಂದ್ರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. 1959ರ ಕಾಯ್ದೆ ಪ್ರಕಾರ ಸರಕಾರಿ ಕಚೇರಿಗಳು ಖಾಲಿ ಹುದ್ದೆಗಳನ್ನು ಅಲ್ಲಿಗೆ ತಿಳಿಸಬೇಕಿತ್ತು. ಅವರು ತಮ್ಮ ಪಟ್ಟಿಯಿಂದ ಹೆಸರು ಕಳಿಸ್ತಿದ್ದರು, ಮನೆಗೆ ಕಾಲ್ ಲೆಟರ್ ಬರ್ತಿತ್ತು. ಮೂರು ವರ್ಷಕ್ಕೊಮ್ಮೆ ಕಾರ್ಡು ರಿನೀವಲ್ ಮಾಡಿಸಬೇಕಿತ್ತು. ತಪ್ಪಿದರೆ ಹಿರಿತನ ಹೋಯ್ತು. ಕಾಕಾನ ಕಾರ್ಡು ಈಗಲೂ ಟ್ರಂಕಿನಲ್ಲಿದೆ, ಹಳದಿ ಬಿದ್ದು ಮಡಿಕೆಯಲ್ಲಿ ಹರಿದಿದೆ. ಸೀಲಿನ ಮೇಲೆ ಸೀಲು. 1996ರಲ್ಲಿ ಸುಪ್ರೀಂ ಕೋರ್ಟು ಎಕ್ಸ್‌ಚೇಂಜಿನ ಪಟ್ಟಿಯೊಂದೇ ಸಾಲದು, ಪತ್ರಿಕೆಯಲ್ಲೂ ಜಾಹೀರಾತು ಕೊಟ್ಟು ಎಲ್ಲರಿಗೂ ಅವಕಾಶ ಕೊಡಬೇಕು ಅಂದಿತು. ನ್ಯಾಯವಾದ ಮಾತೇ. ಆದರೆ ಹನ್ನೊಂದು ವರ್ಷ ಕಾಪಾಡಿಕೊಂಡು ಬಂದ ಕಾಕಾನ ಹಿರಿತನಕ್ಕೆ ಆಮೇಲೆ ದೊಡ್ಡ ಬೆಲೆ ಉಳಿಯಲಿಲ್ಲ. ಅಷ್ಟರಲ್ಲಿ ಆಕೆಯ ಮದುವೆಯಾಗಿ ಎಷ್ಟೋ ವರ್ಷ ಆಗಿತ್ತು.

ನಮ್ಮ ಮನೆಯಲ್ಲಿ ಈ ಕಥೆ ಹೇಳೋದು ಒಂದೇ ಥರ. "ನೌಕರಿ ಹತ್ತಿದ ಮ್ಯಾಲ ಅಕಿ ಬದಲಾದ್ಲು." ಆಯಿ ಹೇಳಿದರೂ ಇದೇ, ಅಪ್ಪ ಹೇಳಿದರೂ ಇದೇ. ಕಾಕಾ ಏನೂ ಹೇಳ್ತಿರಲಿಲ್ಲ, ಅಲ್ಲಗಳೀತಲೂ ಇರಲಿಲ್ಲ. ಸಣ್ಣವನಿದ್ದಾಗಿಂದ ಕೇಳಿ ಕೇಳಿ ನನಗೂ ಆ ಕಾಣದ ಹೆಂಗಸಿನ ಮೇಲೆ ಒಂದು ಸಣ್ಣ ಸಿಟ್ಟು. 'ಪಲ್ಲವಿ' ನೋಡಿದಾಗ ಹೊಡೆದದ್ದು ಅಲ್ಲೇ. ಹುಡುಗಿಗೆ ಕೆಲಸ ಸಿಕ್ಕು, ಹುಡುಗನಿಗೆ ಸಿಗದೆ, ಆಕೆ ಬೇರೆಯವರನ್ನು ಮದುವೆಯಾದ ಕಥೆಯನ್ನು ಇಡೀ ಊರು ಹುಡುಗನ ಕಡೆಯಿಂದಲೇ ಹೇಳುತ್ತೆ. ಲಂಕೇಶ್ ಅದನ್ನು ಶಾಂತಾಗೆ ಹೇಳೋಕೆ ಬಿಟ್ಟರು. ಆಕೆಯನ್ನು ಒಳ್ಳೆಯವಳು ಅಂತ ಸಾಬೀತು ಮಾಡೋಕೆ ಹೋಗಲಿಲ್ಲ, ಚಂದ್ರುವನ್ನು ಕೆಟ್ಟವನು ಮಾಡಲೂ ಇಲ್ಲ. ಕಥೆ ಯಾರ ಬಾಯಲ್ಲಿ ಇರುತ್ತೋ ಅವರಿಗೊಂದು ಕಾರಣ ಇರುತ್ತೆ, ಅಷ್ಟೇ.

2023ರಲ್ಲಿ ನನಗೆ ಆ ಅಕ್ಕೋರನ್ನು ನೋಡುವ ಯೋಗ ಬಂತು. (ನಮ್ಮ ಕಡೆ ಶಾಲೆಯ ಶಿಕ್ಷಕಿಗೆ ಅಕ್ಕೋರು ಅಂತಾರೆ.) ಬಾಗೇವಾಡಿ ತಾಲೂಕಿನ ಒಂದು ಶಾಲೆಯಲ್ಲಿ ಅವರ ನಿವೃತ್ತಿಯ ಸನ್ಮಾನ. ನನ್ನ ದೊಡ್ಡಪ್ಪನ ಮಗ ಅದೇ ಶಾಲೆಯಲ್ಲಿ ಮಾಸ್ತರ, ಊಟಕ್ಕೆ ಬಾ ಅಂತ ಕರೆದಿದ್ದ. ಹುಗ್ಗಿ ಊಟ ಆದ ಮೇಲೆ ಯಾರ ಮಗ ಅಂತ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಕಾಕಾ ಹ್ಯಾಂಗದಾರಪಾ?" ಅಂದರು. ಲಿಂಬಿ ತೋಟ ಮಾಡ್ಯಾರ್ರಿ ಅಂದೆ. ನಾನು ಕೇಳಬಾರದಿತ್ತೇನೋ, ಆದರೂ ಕೇಳಿಯೇ ಬಿಟ್ಟೆ. ಅವರು ಹೇಳಿದ್ದನ್ನು ಹಾಗೇ ಬರೀತೀನಿ:

"ನನಗ ಆರ್ಡರ್ ಬಂದ ದಿನ ಮೊದಲ ಓಡಿ ಹೋಗಿ ಹೇಳಿದ್ದ ಅವರಿಗೇ ತಮ್ಮಾ. ನಡೀ, ಈಗರೆ ಲಗ್ನ ಮಾಡ್ಕೊಳ್ಳೂಣು, ನನ್ನ ಪಗಾರದಾಗ ಇಬ್ಬರದೂ ನಡೀತೈತಿ ಅಂದೆ. ನೀ ದುಡದ ತರೂದು, ನಾ ಕುಂತ ಉಣ್ಣೂದು, ಊರಾಗ ಏನಂತಾರ ಅಂದ್ರು. ನನಗೂ ಹತ್ತಲಿ, ಆಮ್ಯಾಲ ನೋಡೂಣು ಅಂದ್ರು. ಮೂರ ವರ್ಷ ಕಾದೆ. ಮನ್ಯಾಗ ತಂಗಿದೇರ ಲಗ್ನಾ ನಿಂತಿದ್ವು. ನಾ ಬದಲಾಗಿದ್ದಿಲ್ಲಪಾ, ಪಗಾರ ಬರಾಕ ಹತ್ತಿತ್ತು, ಅಷ್ಟ."

ಅಷ್ಟು ಹೇಳಿ ನನ್ನ ಸಂಬಳ ಎಷ್ಟು, ಮದುವೆ ಯಾವಾಗ ಅಂತೆಲ್ಲ ಕೇಳಿದರು. ಮಾಸ್ತರ್ತಿಯರ ಅಭ್ಯಾಸ.

ಇದು ಹಳೇ ಕಾಲದ ಕಥೆ, ಈಗ ಹಾಗಿಲ್ಲ ಅಂತ ಅನ್ನಬಹುದು ನೀವು. ನಮ್ಮ ತಾಲೂಕಿಗೆ ಬಂದು ನೋಡಿ. ನೌಕರಿ ಅನ್ನೋದು ಅಲ್ಲಿ ಇನ್ನೂ ಎಷ್ಟೆಲ್ಲ ವೇಷ ಹಾಕಿದೆ! ಆಲಮಟ್ಟಿಯ ಆಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟದ್ದು 1964ರಲ್ಲಿ. ಆಗ ಅದು ಬಸವನ ಬಾಗೇವಾಡಿ ತಾಲೂಕು, ಈಗ ನಿಡಗುಂದಿ. ಅದು ಕಟ್ಟಿ ಮುಗಿಯೋಕೆ ನಲವತ್ತು ವರ್ಷ ಹಿಡಿಯಿತು. ಕೆಳಗೆ ನಾರಾಯಣಪುರದ ಬಸವಸಾಗರದ ಹಿನ್ನೀರು. ಎರಡರ ನಡುವೆ ಬಾಗೇವಾಡಿ, ಮುದ್ದೇಬಿಹಾಳದ ಕೃಷ್ಣೆಯ ದಂಡೆಯ ಊರುಗಳು ಮುಳುಗಿದವು. ರಾಜ್ಯ ಸರಕಾರದ ಕೆಳದರ್ಜೆಯ ನೇಮಕಾತಿಗಳಲ್ಲಿ ಯೋಜನೆಗಳಿಂದ ನಿರಾಶ್ರಿತರಾದವರಿಗೆ ಶೇಕಡಾ 5 ಮೀಸಲು ಇದೆ. ಹಾಗಾಗಿ ಮದುವೆ ಮಾತಿನಲ್ಲಿ "ಹುಡುಗಗ ಮುಳುಗಡಿ ಸರ್ಟಿಫಿಕೇಟ್ ಐತ್ರಿ" ಅನ್ನೋದು ಒಂದು ಅರ್ಹತೆ. ಅಜ್ಜನ ಮನೆ ನೀರಲ್ಲಿ ಹೋಯ್ತು, ಮೊಮ್ಮಗನಿಗೆ ಹೆಣ್ಣು ಸಿಕ್ಕಿತು. ನಗಬೇಕೋ ಅಳಬೇಕೋ ನೀವೇ ಹೇಳಿ.

ಇಂಡಿ-ಸಿಂದಗಿಯವರಿಗೆ ಬೇರೆ ಸಂಕಟ. ಭೀಮಾ ನದಿಯ ಆಚೆ ಅಫಜಲಪುರ. ಅದು ನಿಜಾಮನ ಸೀಮೆ. ಈಚೆ ನಾವು ಮುಂಬೈ ಪ್ರಾಂತದವರು. 1956ರಲ್ಲಿ ಎರಡೂ ಒಂದೇ ರಾಜ್ಯಕ್ಕೆ ಬಂದವು. ಬರ ಎರಡೂ ದಂಡೆಗೂ ಒಂದೇ, ರೊಟ್ಟಿ ಒಂದೇ, ಹೆಣ್ಣು ಕೊಟ್ಟು ತರೋದೂ ಇದೆ. ಆದರೆ 2012ರ ಸಂವಿಧಾನ ತಿದ್ದುಪಡಿಯಿಂದ 371ಜೆ ಬಂತಲ್ಲ, ಅದರ ಪ್ರಕಾರ ನೌಕರಿಯಲ್ಲಿ ಸ್ಥಳೀಯ ಮೀಸಲು ಆಚೆ ದಂಡೆಗೆ ಇದೆ, ಈಚೆ ದಂಡೆಗೆ ಇಲ್ಲ. ನಿಜಾಮನಿಗೂ ಇಂಗ್ಲಿಷರಿಗೂ ನಡುವೆ ಎಳೆದ ಗೆರೆ ಇವತ್ತಿಗೂ ಯಾವ ಹುಡುಗನಿಗೆ ಲಗ್ನ ಬೇಗ ಆಗುತ್ತೆ ಅನ್ನೋದನ್ನು ನಿರ್ಧರಿಸ್ತಿದೆ. ಹೈದರಾಬಾದ್ ಕರ್ನಾಟಕಕ್ಕೆ ಆದ ಅನ್ಯಾಯಕ್ಕೆ ಅದು ಸಲ್ಲಬೇಕಾದದ್ದೇ, ನನ್ನ ತಕರಾರಿಲ್ಲ. ಸಿಂದಗಿಯ ಹುಡುಗರ ಮುಖ ನೋಡಿ ಹೇಳ್ತಿದ್ದೀನಿ.

ಇನ್ನು ಪರೀಕ್ಷೆಗಳು. 2011ನೇ ಸಾಲಿನ 362 ಗೆಜೆಟೆಡ್ ಹುದ್ದೆಗಳ ಪಟ್ಟಿಯನ್ನು 2014ರಲ್ಲಿ ಸರಕಾರ ರದ್ದು ಮಾಡಿತು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ 2024ರ ಜನವರಿಯಲ್ಲಿ. ಪರೀಕ್ಷೆಯಿಂದ ಪರೀಕ್ಷೆಗೆ ಎರಡು ವರ್ಷಕ್ಕೂ ಹೆಚ್ಚು. ಧಾರವಾಡ, ವಿಜಯಪುರದ ರೂಮುಗಳಲ್ಲಿ ಓದುತ್ತಾ ಕೂತ ಹುಡುಗ-ಹುಡುಗಿಯರ ಎಷ್ಟು ಮಾತು ಈ ಎರಡು ವರ್ಷದಲ್ಲಿ ಮುರಿದುಬಿದ್ದಿರಬಹುದು! ಅದಕ್ಕೆ ಯಾವ ಆಯೋಗವೂ ಇಲ್ಲ. ಹುಡುಗಿಯರಿಗಂತೂ ಊರಲ್ಲೇ ಸಿಗೋದು ಬಹಳಷ್ಟು ಸಲ ಅಂಗನವಾಡಿ. ಅದು ದೇಶದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ರಂದು, 'ಪಲ್ಲವಿ'ಗೂ ಅದಕ್ಕೂ ಹೆಚ್ಚುಕಮ್ಮಿ ಒಂದೇ ವಯಸ್ಸು. ಅಲ್ಲಿ ಕೊಡೋದಕ್ಕೆ ಇವತ್ತಿಗೂ ಸಂಬಳ ಅನ್ನಲ್ಲ, ಗೌರವಧನ ಅಂತಾರೆ. ಗೌರವ ಎಷ್ಟು, ಧನ ಎಷ್ಟು ಅನ್ನೋದನ್ನು ನಮ್ಮೂರ ಅಂಗನವಾಡಿ ಅಕ್ಕಳನ್ನೇ ಕೇಳಬೇಕು.

ಅಕ್ಕೋರು ಹೇಳಿದ್ದನ್ನು ಕಾಕಾಗೆ ಹೇಳಬೇಕೋ ಬೇಡವೋ ಅಂತ ಬಹಳ ದಿನ ಯೋಚನೆ ಮಾಡಿದೆ. ಕೊನೆಗೆ ಕಳೆದ ದೀಪಾವಳಿಗೆ ಊರಿಗೆ ಹೋದಾಗ, ಲ್ಯಾಪ್‌ಟಾಪಿನಲ್ಲಿ 'ಪಲ್ಲವಿ' ಹಾಕಿದೆ. ಗೆಳೆಯನೊಬ್ಬ ಕೊಟ್ಟ ಪ್ರತಿ, ಕರಗಿಹೋದ ಪ್ರಿಂಟು, ಧ್ವನಿ ಅರ್ಧ ಕೇಳಲ್ಲ. ಸೀತಾರಾಂ ಬಂದ ಕೂಡಲೇ ಆಯಿ "ಅಯ್ಯ, ಟಿವ್ಯಾಗಿನ ವಕೀಲ!" ಅಂತ ಗುರುತು ಹಿಡಿದಳು. ಸ್ವಲ್ಪ ಹೊತ್ತಿಗೆ ನಿದ್ದೆ ಹೋದಳು. ಕಾಕಾ ಕೊನೆತನಕ ನೋಡಿದ. ಮುಗಿದ ಮೇಲೆ ನಾನು ಸನ್ಮಾನಕ್ಕೆ ಹೋಗಿದ್ದು, ಅಕ್ಕೋರು ಸಿಕ್ಕಿದ್ದು, ಅವರಂದದ್ದು ಎಲ್ಲ ಹೇಳಿದೆ.

"ಹೌದು, ಅಂದಿದ್ದೆ" ಅಂದ. ಆಮೇಲೆ, "ಮೂರ ವರ್ಷ ಅಲ್ಲ, ನಾಕ ವರ್ಷ ಕಾದಾಳ ಅಕಿ" ಅಂದ.

ಮರುದಿನ ಬೆಳಗ್ಗೆ ಲಿಂಬಿ ಚೀಲ ಹೇರಿಕೊಂಡು ಇಂಡಿಯ ಮಾರ್ಕೆಟ್ಟಿಗೆ ಹೋದೆವು. 2023ರಲ್ಲಿ ಇಂಡಿ ಲಿಂಬೆಗೆ ಜಿಐ ಟ್ಯಾಗ್ ಸಿಕ್ಕ ಮೇಲೆ ರೇಟು ಏನಾದರೂ ಏರಿತೇ ಅಂತ ಕೇಳಿದೆ. ಟ್ಯಾಗಿನ ಸುದ್ದಿ ಪೇಪರಿನವರಿಗೆ ಬಂತು, ನಮಗ ಇನ್ನಾ ಬಂದಿಲ್ಲ ಅಂದ. ದಾರಿಯಲ್ಲಿ ಆ ಸಿನಿಮಾದ ಹುಡುಗಿ ಆಮೇಲೆ ಬೇರೆ ಯಾವ ಪಿಚ್ಚರಿನಲ್ಲಿದ್ದಾಳೆ ಅಂತ ಒಂದೇ ಸಲ ಕೇಳಿದ.

ನಿಮ್ಮಲ್ಲಿ ಯಾರ ಹತ್ತಿರವಾದರೂ 'ಪಲ್ಲವಿ'ಯ ಒಳ್ಳೆಯ ಪ್ರತಿ ಇದ್ದರೆ ದಯವಿಟ್ಟು ತಿಳಿಸಿ. ಕಾಕಾ ಇನ್ನೊಂದು ಸಲ ನೋಡಬೇಕಂತೆ, ಧ್ವನಿ ಸರಿಯಾಗಿ ಕೇಳೋದು ಬೇಕಂತೆ.